ಪರದೆ ಖಾಲಿ ಇರಬಾರದು



1930ರ ಏಪ್ರಿಲ್ 18, ಗುಡ್ ಫ್ರೈಡೆ. ಅಂದು ರಾತ್ರಿ 8.45ರ ವಾರ್ತೆಗೆಂದು ಬಿಬಿಸಿ ರೇಡಿಯೋ ಮುಂದೆ ಕುಳಿತ ಇಂಗ್ಲೆಂಡಿನ ಜನಕ್ಕೆ ವಾರ್ತಾವಾಚಕರು ಹೇಳಿದ್ದು ಒಂದೇ ಮಾತು: ಇವತ್ತು ಸುದ್ದಿ ಇಲ್ಲ. ಅಷ್ಟು ಹೇಳಿ ಸುಮ್ಮನಾದರು. ವಾರ್ತೆಗೆ ಮೀಸಲಾದ ಹೊತ್ತೆಲ್ಲ ಪಿಯಾನೋ ಬಂತು. ಆದರೆ ಅದೇ ದಿನ ಅವಿಭಜಿತ ಬಂಗಾಳದ ಚಿತ್ತಗಾಂಗಿನಲ್ಲಿ ಸೂರ್ಯ ಸೇನ್ ಮತ್ತು ಸಂಗಡಿಗರು ಬ್ರಿಟಿಷರ ಶಸ್ತ್ರಾಗಾರಕ್ಕೆ ನುಗ್ಗಿದ್ದರು. ನುಗ್ಗಿದವರು ಟೆಲಿಫೋನು, ತಂತಿ ಎರಡನ್ನೂ ಕಡಿದು ಹಾಕಿದ್ದರಿಂದ ಸಾಮ್ರಾಜ್ಯದ ರಾಜಧಾನಿ ನೆಮ್ಮದಿಯಾಗಿ ಪಿಯಾನೋ ಕೇಳಿತು.

ಇವತ್ತಿನ ಸುದ್ದಿವಾಹಿನಿಯೊಂದು ಹೀಗೆ ಹೇಳೀತೇ? ಸುದ್ದಿ ಇಲ್ಲದಿದ್ದರೆ 'ಕೆಲವೇ ಕ್ಷಣಗಳಲ್ಲಿ' ಎಂದು ಕೆಂಪು ಪಟ್ಟಿ ಓಡಿಸುತ್ತಾರೆ. ಸಚಿವರು ಮನೆಯಿಂದ ಇನ್ನೂ ಹೊರಟಿರುವುದಿಲ್ಲ, ಅವರ ಗೇಟನ್ನೇ ಅರ್ಧ ಗಂಟೆ ತೋರಿಸುತ್ತಾರೆ. ಆ ಗೇಟಿನೊಳಗೆ ಹಾಲಿನವನು ಹೋದರೂ ಅದಕ್ಕೊಂದು ವಿಶ್ಲೇಷಣೆ. ಇಪ್ಪತ್ತನಾಲ್ಕು ಗಂಟೆಯ ಸುದ್ದಿಗೆ ಮೂಲ ಕಾನೂನು ಒಂದೇ. ಪರದೆ ಖಾಲಿ ಇರಬಾರದು, ಕುರ್ಚಿ ಖಾಲಿ ಇರಬಾರದು, ಬಾಯಿ ಮುಚ್ಚಿರಬಾರದು. ನೇರ ಪ್ರಸಾರದಲ್ಲಿ ಆಗುವ ಎಡವಟ್ಟುಗಳನ್ನು ಕಂಡು ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೇವೆ. ಅವುಗಳಲ್ಲಿ ಬಹುಪಾಲು ಹುಟ್ಟುವುದು ಓದುವವರ ಪೆದ್ದುತನದಿಂದಲ್ಲ, ಈ ಕಾನೂನಿನಿಂದ ಎಂಬುದು ನನ್ನ ಅನುಮಾನ. ಇವತ್ತು ಆ ಅನುಮಾನಕ್ಕೆ ಒಂದಿಷ್ಟು ಸಾಕ್ಷಿ ಕರೆಯುತ್ತೇನೆ.

ಮೊದಲು ಸ್ಟುಡಿಯೋ ಒಳಗೆ ಒಂದು ಸುತ್ತು ಹಾಕಿ ಬರೋಣ. ಸುದ್ದಿ ಓದುವವರು ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಿದ್ದಾರೆ ಎಂದು ನಮಗನ್ನಿಸುತ್ತದೆ. ಅವರು ನೋಡುತ್ತಿರುವುದು ನಮ್ಮನ್ನಲ್ಲ, ಅಕ್ಷರಗಳನ್ನು. ಕ್ಯಾಮೆರಾದ ಮೂತಿಯ ಮುಂದೆ ಓರೆಯಾಗಿ ಒಂದು ಗಾಜು. ಅದರ ಕೆಳಗೆ ಅಂಗಾತ ಮಲಗಿಸಿದ ಒಂದು ಮಾನಿಟರ್. ಅದರಲ್ಲಿ ಅಕ್ಷರಗಳು ಎಡಬಲ ತಿರುವು ಮುರುವಾಗಿ ಓಡುತ್ತವೆ, ಗಾಜಿನಲ್ಲಿ ಬಿಂಬ ಬಿದ್ದಾಗ ನೆಟ್ಟಗಾಗುತ್ತವೆ. ಗಾಜಿನ ಹಿಂದಿರುವ ಕ್ಯಾಮೆರಾಕ್ಕೆ ಅಕ್ಷರ ಕಾಣುವುದಿಲ್ಲ, ಮುಖವಷ್ಟೇ ಕಾಣುತ್ತದೆ. ಇದೇ ಟೆಲಿಪ್ರಾಂಪ್ಟರ್. ಅಕ್ಷರ ದಪ್ಪಗಿರಬೇಕಾದ್ದರಿಂದ ಒಂದು ಸಾಲಿಗೆ ಮೂರೋ ನಾಲ್ಕೋ ಪದ. ನಮ್ಮ ಕನ್ನಡದ ಉದ್ದುದ್ದ ಸಮಾಸಗಳಾದರೆ ಎರಡಕ್ಕೇ ಸಾಲು ಮುಗಿಯಿತು. ಮುಂದಿನ ಸಾಲಿನಲ್ಲಿ ಏನು ಕಾದಿದೆ ಎಂದು ತಿಳಿಯುವ ಮೊದಲೇ ಈ ಸಾಲನ್ನು ಗಂಭೀರವಾಗಿ ಓದಿ ಮುಗಿಸಿರಬೇಕು.

ಇದು ಕಣ್ಣಿನ ಪಾಡು. ಕಿವಿಯ ಪಾಡು ಬೇರೆ. ಕೂದಲ ಮರೆಯಲ್ಲಿ ಒಂದು ಪುಟ್ಟ ಇಯರ್‌ಪೀಸ್. ಅದರಲ್ಲಿ ಪಿಸಿಆರ್, ಅಂದರೆ ನಿಯಂತ್ರಣ ಕೊಠಡಿಯವರು, ಬಿಡುವಿಲ್ಲದೆ ಮಾತಾಡುತ್ತಿರುತ್ತಾರೆ. 'ಗೆಸ್ಟ್ ಇನ್ನೂ ಮೈಕ್ ಹಾಕಿಕೊಂಡಿಲ್ಲ, ಸ್ವಲ್ಪ ಎಳೀರಿ', 'ಫೋನೋ ಕಟ್ ಆಯ್ತು, ಓಬಿಗೆ ಹೋಗಿ', 'ಬ್ರೇಕಿಗೆ ಇನ್ನು ಹತ್ತು ಸೆಕೆಂಡ್'. ಫೋನೋ ಎಂದರೆ ಫೋನಿನಲ್ಲಿ ಬರುವ ವರದಿ, ಓಬಿ ಎಂದರೆ ಹೊರಗಿನಿಂದ ಬರುವ ನೇರ ಪ್ರಸಾರ. ಬಾಯಲ್ಲಿ ಅಪಘಾತದ ಸುದ್ದಿ, ಕಿವಿಯಲ್ಲಿ ಜಾಹೀರಾತಿನ ಲೆಕ್ಕ, ಕಣ್ಣಲ್ಲಿ ಓಡುವ ಅಕ್ಷರ, ಮುಖದಲ್ಲಿ ಶಾಂತಿ. ಅಷ್ಟಾವಧಾನಿಗಳಿಗಾದರೂ ಪೃಚ್ಛಕರು ಒಬ್ಬೊಬ್ಬರಾಗಿ ಬರುತ್ತಾರೆ. ನಮ್ಮ ರೇಡಿಯೋದವರು ಪುಣ್ಯವಂತರು. ಕೆಮ್ಮು ಬಂದರೆ ಮೈಕು ಬಂದ್ ಮಾಡಲು ಒಂದು ಗುಂಡಿ ಇರುತ್ತದೆ, ಒತ್ತಿ ಕೆಮ್ಮಿ ಮತ್ತೆ ಓದಬಹುದು. ಮುಖಕ್ಕೆ ಅಂಥ ಗುಂಡಿಯನ್ನು ಟೀವಿಯವರಿಗೆ ಯಾರೂ ಕೊಟ್ಟಿಲ್ಲ.

ಖಾಲಿ ಕುರ್ಚಿಯ ಕಥೆಗೆ ಬರುತ್ತೇನೆ. 2006ರ ಮೇ 8, ಲಂಡನ್. ಬೀಟಲ್ಸ್ ತಂಡದವರ ಆಪಲ್ ಕೋರ್ ಎಂಬ ಕಂಪನಿಗೂ ಆಪಲ್ ಕಂಪ್ಯೂಟರ್‌ಗೂ ವ್ಯಾಜ್ಯ ನಡೆಯುತ್ತಿತ್ತು. ಅಂದು ತೀರ್ಪು ಆಪಲ್ ಕಂಪ್ಯೂಟರ್ ಪರವಾಗಿ ಬಂತು. ಅದರ ಬಗ್ಗೆ ನೇರ ಪ್ರಸಾರದಲ್ಲಿ ಮಾತಾಡಲು ಬಿಬಿಸಿ ನ್ಯೂಸ್ 24 ವಾಹಿನಿ ಗೈ ಕ್ಯೂನಿ ಎಂಬ ತಂತ್ರಜ್ಞಾನ ಪತ್ರಕರ್ತರನ್ನು ಕರೆಸಿತ್ತು. ಅವರು ಬಂದು ಒಂದು ಬಾಗಿಲ ಸ್ವಾಗತ ಕೋಣೆಯಲ್ಲಿ ಕುಳಿತಿದ್ದರು. ಅದೇ ಕಟ್ಟಡದ ಇನ್ನೊಂದು ಸ್ವಾಗತ ಕೋಣೆಯಲ್ಲಿ ಗೈ ಗೋಮಾ ಎಂಬವರು ಕುಳಿತಿದ್ದರು. ಕಾಂಗೋದ ಬ್ರಾಜಾವಿಲ್ ಕಡೆಯವರು, ಬಿಬಿಸಿಯ ಕಂಪ್ಯೂಟರ್ ವಿಭಾಗದಲ್ಲಿ ಒಂದು ನೌಕರಿಯ ಸಂದರ್ಶನಕ್ಕೆ ಬಂದವರು. ಅತಿಥಿಯನ್ನು ಕರೆತರಲು ಧಾವಿಸಿದ ನಿರ್ಮಾಪಕರು ತಪ್ಪು ಬಾಗಿಲಿಗೆ ಹೋದರು. ಗೈ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಗೋಮಾ ಎದ್ದು ನಿಂತರು. ಪಾಪ, ಸಂದರ್ಶನಕ್ಕೆ ಕರೆದರೆ ಯಾರು ತಾನೇ ಏಳುವುದಿಲ್ಲ?

ಓಡಿಸಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು, ಅಂಗಿಗೆ ಮೈಕು ಸಿಕ್ಕಿಸಿದರು. ಇದೇನೋ ಹೊಸ ಬಗೆಯ ಸಂದರ್ಶನ ಎಂದುಕೊಂಡರು ಗೋಮಾ. ಎದುರಿಗೆ ನಿರೂಪಕಿ ಕ್ಯಾರೆನ್ ಬೋವರ್ಮನ್. ತಂತ್ರಜ್ಞಾನ ಪತ್ರಕರ್ತ ಗೈ ಕ್ಯೂನಿ ನಮ್ಮೊಂದಿಗಿದ್ದಾರೆ ಎಂದು ಆಕೆ ಪರಿಚಯಿಸಿದ ಗಳಿಗೆಯಲ್ಲಿ ಕ್ಯಾಮೆರಾ ಗೋಮಾ ಅವರ ಮುಖದ ಮೇಲಿತ್ತು. ಆ ಮುಖವನ್ನು ನೋಡಿಯೇ ತೀರಬೇಕು. ಮೊದಲು ಹುಬ್ಬು ಮೇಲೇರುತ್ತದೆ, ಕಣ್ಣು ಅಗಲವಾಗುತ್ತದೆ, ಏನೋ ಹೇಳಲು ಬಾಯಿ ತೆರೆಯುತ್ತದೆ, ತೆರೆದ ಬಾಯಿ ಮುಚ್ಚುತ್ತದೆ. ಒಂದೆರಡು ಸೆಕೆಂಡಿನಲ್ಲಿ ಒಬ್ಬ ಮನುಷ್ಯ ತಾನು ಎಲ್ಲಿದ್ದೇನೆ, ಯಾಕಿದ್ದೇನೆ, ಎದ್ದು ಓಡಲೇ ಕೂರಲೇ ಎಂಬ ಮೂರೂ ಪ್ರಶ್ನೆಗಳನ್ನು ಒಟ್ಟಿಗೇ ಎದುರಿಸುತ್ತಾನೆ. ಕೊನೆಗೆ ಕೂರುತ್ತಾನೆ.

ತೀರ್ಪು ಕೇಳಿ ನಿಮಗೆ ಆಶ್ಚರ್ಯವಾಯಿತೇ ಎಂಬುದು ಮೊದಲ ಪ್ರಶ್ನೆ. ಬಹಳ ಆಶ್ಚರ್ಯವಾಯಿತು, ಹೀಗಾಗುತ್ತದೆ ಎಂದು ನಾನು ನಿರೀಕ್ಷಿಸಿಯೇ ಇರಲಿಲ್ಲ ಎಂಬುದು ಅವರ ಉತ್ತರದ ತಾತ್ಪರ್ಯ. ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಸುದ್ದಿವಾಹಿನಿಗಳ ಚರ್ಚೆಯಲ್ಲಿ ನನಗೆ ಸಿಕ್ಕಿಲ್ಲ. ಇನ್ನು ಮುಂದೆ ಜನ ಇಂಟರ್‌ನೆಟ್‌ನಿಂದಲೇ ಸಂಗೀತ ಇಳಿಸಿಕೊಳ್ಳುತ್ತಾರಾ ಎಂದು ಕೇಳಿದಾಗ, ಎಲ್ಲಿ ನೋಡಿದರೂ ಜನ ಇಳಿಸಿಕೊಳ್ಳುತ್ತಲೇ ಇದ್ದಾರಲ್ಲ ಎಂಬರ್ಥದ ಮಾತು ಹೇಳಿದರು. ಆ ಭವಿಷ್ಯ ನಿಜವೂ ಆಯಿತು. ಕರೆಸಿದ ಪಂಡಿತರೂ ಇದಕ್ಕಿಂತ ಹೆಚ್ಚೇನು ಹೇಳುತ್ತಿದ್ದರೋ! ಆ ಪಂಡಿತರಾದ ಕ್ಯೂನಿ ಗಡ್ಡದ ಬಿಳಿಯ ಮನುಷ್ಯ. ತನ್ನ ಹೆಸರಿನಲ್ಲಿ ಕಪ್ಪು ಮನುಷ್ಯರೊಬ್ಬರು ಮಾತಾಡುವುದನ್ನು ಸ್ವಾಗತ ಕೋಣೆಯ ಟೀವಿಯಲ್ಲೇ ಕಂಡು ಬೆರಗಾದರು.

ಗೋಮಾ ಆಮೇಲೆ ನಿಜವಾದ ನೌಕರಿ ಸಂದರ್ಶನಕ್ಕೂ ಹಾಜರಾದರು. ನೌಕರಿ ಸಿಗಲಿಲ್ಲ. ಇದರ ಮೇಲೊಂದು ಒಗ್ಗರಣೆಯೂ ಇದೆ. ಈ ಎಡವಟ್ಟಿನ ಸುದ್ದಿ ಬರೆದ ಪತ್ರಿಕೆಗಳು ಮೊದಮೊದಲು ಅವರನ್ನು ಟ್ಯಾಕ್ಸಿ ಚಾಲಕ ಎಂದು ಅಚ್ಚು ಹಾಕಿದವು. ಒಬ್ಬರು ತಪ್ಪು ಮನುಷ್ಯನನ್ನು ಕೂರಿಸಿದರು ಎಂದು ನಕ್ಕವರು ತಾವೂ ಒಬ್ಬ ತಪ್ಪು ಮನುಷ್ಯನನ್ನು ಸೃಷ್ಟಿಸಿದರು.

ಕುರ್ಚಿಯನ್ನು ನಿಜವಾಗಿಯೂ ಖಾಲಿ ಬಿಟ್ಟರೆ ಏನಾಗುತ್ತದೆ? ಅದನ್ನೂ ಒಬ್ಬರು ಮಾಡಿ ತೋರಿಸಿದ್ದಾರೆ. ಅಮೆರಿಕದ ಸಿಬಿಎಸ್ ಜಾಲದ ಡ್ಯಾನ್ ರ್‍ಯಾದರ್, ಆ ಕಾಲದ ದೊಡ್ಡ ಹೆಸರು. 1987ರ ಸೆಪ್ಟೆಂಬರ್ 11ರಂದು ಪೋಪ್ ಎರಡನೆಯ ಜಾನ್ ಪಾಲ್ ಅವರ ಭೇಟಿಯ ಸುದ್ದಿಗಾಗಿ ಮಯಾಮಿಯಿಂದ ವಾರ್ತೆ ಓದಬೇಕಿತ್ತು. ಇತ್ತ ಯುಎಸ್ ಓಪನ್ ಟೆನಿಸ್‌ನಲ್ಲಿ ಸ್ಟೆಫಿ ಗ್ರಾಫ್ ಆಡುತ್ತಿದ್ದ ಸೆಮಿಫೈನಲ್ ಮುಗಿಯುತ್ತಲೇ ಇಲ್ಲ. ಆಟಕ್ಕಾಗಿ ವಾರ್ತೆಯನ್ನು ಮೊಟಕು ಮಾಡುತ್ತಾರೆಂದು ರ್‍ಯಾದರ್ ಸಿಟ್ಟಾಗಿ ಸೆಟ್ ಬಿಟ್ಟು ಎದ್ದು ಹೋದರು. ಅವರು ಹೋದದ್ದೂ ಆಟ ಮುಗಿದದ್ದೂ ಸರಿಹೋಯಿತು. ಆಟದವರು ಪ್ರಸಾರವನ್ನು ವಾರ್ತೆಗೆ ಒಪ್ಪಿಸಿದರು, ವಾರ್ತೆಯಲ್ಲಿ ಜನವೇ ಇಲ್ಲ. ಸುಮಾರು ಆರು ನಿಮಿಷ ಅಮೆರಿಕದ ಉದ್ದಗಲಕ್ಕೂ ಸಿಬಿಎಸ್ ಪರದೆ ಕಪ್ಪು.

ಆರು ನಿಮಿಷದಲ್ಲಿ ಏನು ಮಹಾ ಎನ್ನಬೇಡಿ. ಮರುವರ್ಷ ಜನವರಿಯಲ್ಲಿ ರ್‍ಯಾದರ್ ಅವರು ಆಗ ಉಪಾಧ್ಯಕ್ಷರಾಗಿದ್ದ ಹಿರಿಯ ಜಾರ್ಜ್ ಬುಷ್ ಅವರನ್ನು ನೇರ ಪ್ರಸಾರದಲ್ಲಿ ಇರಾನಿನ ಶಸ್ತ್ರಾಸ್ತ್ರ ಹಗರಣದ ಬಗ್ಗೆ ಹಿಡಿದು ಜಗ್ಗುತ್ತಿದ್ದರು. ಬುಷ್ ತಿರುಗಿ ಬಿದ್ದರು. ನ್ಯೂಯಾರ್ಕಿನಲ್ಲಿ ಏಳು ನಿಮಿಷ ಎದ್ದು ಹೋದಿರಲ್ಲ, ಅದೊಂದರಿಂದಲೇ ನಿಮ್ಮ ವೃತ್ತಿಯನ್ನು ಅಳೆದರೆ ಹೇಗಿರುತ್ತದೆ ಎಂದು ಕೇಳಿದರು. ಆಗಿದ್ದು ಮಯಾಮಿಯಲ್ಲಿ, ಆರು ನಿಮಿಷ. ಎಡವಟ್ಟನ್ನು ಎತ್ತಿ ಆಡಿದ ಮಾತೇ ಇನ್ನೊಂದು ಎಡವಟ್ಟು. ಆದರೂ ಬಾಣ ನಾಟಿತು, ಅದೇ ವರ್ಷ ಬುಷ್ ಅಧ್ಯಕ್ಷರಾಗಿ ಆರಿಸಿ ಬಂದರು.

ನಮ್ಮ ದೂರದರ್ಶನದ ಹಳೆಯ ದಿನಗಳು ಈ ವಿಷಯದಲ್ಲಿ ಎಷ್ಟು ಸಮಾಧಾನದವು! ಏನೇ ಕೆಟ್ಟರೂ 'ರುಕಾವಟ್ ಕೆ ಲಿಯೇ ಖೇದ್ ಹೈ' ಎಂಬ ಕಾರ್ಡು ಬಂದು ಕೂರುತ್ತಿತ್ತು. ಹಿಂದಿ ಬಾರದ ಮನೆಯಲ್ಲೂ ಆ ವಾಕ್ಯ ಎಲ್ಲರಿಗೂ ಬಾಯಿಪಾಠ. ಅದು ಬಂದ ಕೂಡಲೇ ಮನೆಯ ಹುಡುಗರು ಮಹಡಿ ಹತ್ತಿ ಆಂಟೆನಾ ತಿರುಗಿಸಲು ಹೊರಡುತ್ತಿದ್ದರು. ಕಾರ್ಡು ಅಷ್ಟು ಚೊಕ್ಕವಾಗಿ ಕಾಣುತ್ತಿದೆ ಎಂದರೆ ಆಂಟೆನಾ ಸರಿಯಾಗಿಯೇ ಇದೆಯಲ್ಲ ಎಂದು ಹಿರಿಯರೊಬ್ಬರು ಹೇಳುವ ಹೊತ್ತಿಗೆ ಹುಡುಗರು ಅದನ್ನು ಮತ್ತೊಂದು ದಿಕ್ಕಿಗೆ ತಿರುಗಿಸಿ ಆಗಿರುತ್ತಿತ್ತು.

ಕಾರ್ಡು ಹಾಕುವ ಧೈರ್ಯ ಇಲ್ಲದವರು ಕೈಗೆ ಸಿಕ್ಕಿದ್ದನ್ನು ಹಿಡಿದು ನಿಲ್ಲುತ್ತಾರೆ. ಇದನ್ನು ಅಕ್ಷರಶಃ ಹೇಳುತ್ತಿದ್ದೇನೆ. 2013ರಲ್ಲಿ ಬಿಬಿಸಿಯ ಸೈಮನ್ ಮೆಕಾಯ್ ಎಂಬ ನಿರೂಪಕರು ಟ್ಯಾಬ್ಲೆಟ್ ಕಂಪ್ಯೂಟರ್ ಹಿಡಿದು ಸುದ್ದಿ ಹೇಳಬೇಕಿತ್ತು. ಅವಸರದಲ್ಲಿ ಮೇಜಿನಿಂದ ಎತ್ತಿಕೊಂಡದ್ದು ಝೆರಾಕ್ಸ್ ಕಾಗದದ ಒಂದು ಕಟ್ಟು, ಹೊದಿಕೆಯನ್ನೂ ಬಿಚ್ಚದ್ದು. ಪ್ರಸಾರ ಶುರುವಾಗಿತ್ತು, ಹಾಗೇ ಹಿಡಿದು ನಿಂತರು, ಹಾಗೇ ಹೇಳಿ ಮುಗಿಸಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಇದೇ ಸಂಸ್ಥೆಯಲ್ಲಿ 1988ರ ಮೇ 23ರ ಸಂಜೆ ಆರರ ವಾರ್ತೆ ಶುರುವಾಗುತ್ತಿದ್ದಂತೆ ಪ್ರತಿಭಟನೆಯ ಮಹಿಳೆಯರು ಸ್ಟುಡಿಯೋಗೇ ನುಗ್ಗಿದ್ದರು. ಸಲಿಂಗಿಗಳ ವಿರುದ್ಧದ ಒಂದು ಕಾನೂನು ಮರುದಿನವೇ ಜಾರಿಗೆ ಬರುವುದಿತ್ತು, ಅದಕ್ಕೆ ಅವರ ವಿರೋಧ. ವಾರ್ತಾವಾಚಕಿ ಸೂ ಲಾಲಿ ಸುದ್ದಿ ಓದುತ್ತಲೇ ಹೋದರು. ಪಕ್ಕದಲ್ಲಿರಬೇಕಾದ ನಿಕೋಲಸ್ ವಿಚೆಲ್ ಮಾತ್ರ ಕ್ಯಾಮೆರಾಕ್ಕೆ ಕಾಣದ ಕಡೆ ಪ್ರತಿಭಟನೆಗೆ ಬಂದವರೊಬ್ಬರ ಮೇಲೇ ಕುಳಿತಿದ್ದರು. ಅರ್ಧ ಅದುಮಿದ ಕೂಗು ಹಿನ್ನೆಲೆಯಲ್ಲಿ ಕೇಳುತ್ತಲೇ ಇತ್ತು. ಕೂಗುತ್ತಿದ್ದವರ ಕಡೆ ನ್ಯಾಯವಿತ್ತೆಂದು ಇಂಗ್ಲೆಂಡ್ ತಾನೇ ಮುಂದೆ ಒಪ್ಪಿಕೊಂಡು ಆ ಕಾನೂನನ್ನು ತೆಗೆದುಹಾಕಿತು, ಅದು ಬೇರೆ ಮಾತು.

ಸ್ಟುಡಿಯೋದೊಳಗೆ ಹೀಗಾದರೆ ಹೊರಗಿನ ಕ್ಯಾಮೆರಾಗಳ ಕಥೆ ಕೇಳಬೇಕೇ? 2017ರ ನವೆಂಬರ್ 20, ಅಮೆರಿಕದ ಅಟ್ಲಾಂಟಾ ನಗರ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ಜಾರ್ಜಿಯಾ ಡೋಮ್ ಎಂಬ ಕ್ರೀಡಾಂಗಣವನ್ನು ಸ್ಫೋಟಕ ಇಟ್ಟು ಕೆಡವುವ ದಿನ. 1992ರಲ್ಲಿ ಕಟ್ಟಿದ್ದು, ಕಾಲು ಶತಮಾನದ ಆಯುಷ್ಯ. ವೆದರ್ ಚಾನೆಲ್‌ನವರು ಬೆಳಗಿನ ಚಳಿಯಲ್ಲಿ ಎದುರಿನ ರಸ್ತೆಯಲ್ಲಿ ಕ್ಯಾಮೆರಾ ನೆಟ್ಟು ಬಹಳ ಹೊತ್ತಿನಿಂದ ನೇರ ಪ್ರಸಾರ ಮಾಡುತ್ತಿದ್ದರು. ಬಿಳಿಯ ಗುಮ್ಮಟ ಚಿತ್ರದ ನಟ್ಟನಡುವೆ ಚೆನ್ನಾಗಿ ಕಾಣುತ್ತಿದೆ. ಮೊದಲ ಸ್ಫೋಟ ಢಮ್ ಎಂದಿತು. ಅದೇ ಗಳಿಗೆಗೆ ಎಡಗಡೆಯೋ ಬಲಗಡೆಯೋ ಎಲ್ಲಿಂದಲೋ ನಗರ ಸಾರಿಗೆಯ ಬಸ್ಸೊಂದು ತೇಲಿ ಬಂದು ಕ್ಯಾಮೆರಾದ ಮುಂದೆ ನಿಂತುಬಿಟ್ಟಿತು. ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ಫೋಟೋದವನ ಮುಂದೆ ಅಗಲ ಬೆನ್ನಿನ ಸೋದರಮಾವ ಬಂದು ನಿಲ್ಲುವಂತೆ! ಬಸ್ಸಿನ ಆಚೆ ಢಮಢಮ ಎಂದು ಇಡೀ ಕ್ರೀಡಾಂಗಣ ನೆಲ ಕಚ್ಚುತ್ತಿದೆ. ಈಚೆ ಪರದೆಯ ತುಂಬ ಬಸ್ಸಿನ ಕಿಟಕಿಗಳು. ಸರಿಯಯ್ಯಾ, ಸರಿ ಎಂದು ಕ್ಯಾಮೆರಾ ಹಿಡಿದವರು ಅರಚುವುದು ಸ್ಫೋಟದ ಸದ್ದಿನ ನಡುವೆಯೂ ಕೇಳಿಸುತ್ತದೆ. ಬಸ್ಸು ಸರಿಯಿತು, ಎಲ್ಲ ಮುಗಿದ ಮೇಲೆ. ಪರದೆಯಲ್ಲಿ ಉಳಿದದ್ದು ಧೂಳು. ಆ ಬೀಳುವಿಕೆಯನ್ನು ಚೆನ್ನಾಗಿ ತೋರಿಸಿದ ಬೇರೆ ವಾಹಿನಿಗಳ ಚಿತ್ರ ಇವತ್ತು ಯಾರಿಗೆ ನೆನಪಿದೆ? ಜನ ಹುಡುಕಿ ಹುಡುಕಿ ನೋಡುವುದು ಈ ಬಸ್ಸನ್ನು.

ನಮ್ಮ ಕಡೆಯ ವರದಿಗಾರರಿಗೆ ಬಸ್ಸು ಅಡ್ಡ ಬರಬೇಕಿಲ್ಲ, ಜನವೇ ಸಾಕು. ಕೃಷ್ಣರಾಜಸಾಗರ 124.80 ಅಡಿ ತುಂಬಿದ ದಿನವಿರಲಿ, ಮತ ಎಣಿಕೆಯ ಕೇಂದ್ರದ ಬಾಗಿಲಿರಲಿ, ಮೈಕು ಹಿಡಿದು ನಿಂತವರ ಹೆಗಲ ಹಿಂದೆ ಅರ್ಧಚಂದ್ರಾಕಾರದ ಒಂದು ಸಭೆ ಸೇರುತ್ತದೆ. ಒಬ್ಬ ಕೂದಲು ಬಾಚಿಕೊಳ್ಳುತ್ತಾನೆ. ಇನ್ನೊಬ್ಬ ಕಿವಿಗೆ ಮೊಬೈಲ್ ಹಿಡಿದು ಮನೆಗೆ ಫೋನ್ ಮಾಡಿರುತ್ತಾನೆ: 'ಹಾಕೇ ಟೀವಿ! ಅದಲ್ಲ, ಮುಂದಿನ ಚಾನೆಲ್ಲು! ಕಾಣ್ತಾ ಇದೀನಾ?' ವರದಿಗಾರರು ಜಲಾಶಯದ ಒಳಹರಿವು ಹೊರಹರಿವಿನ ಅಂಕಿ ಹೇಳುತ್ತಿದ್ದರೆ ಹಿಂದಿನಿಂದ ಅವನ ಕೈ ಬೀಸುವಿಕೆ. ಮೂರನೆಯವನು ಸೀದಾ ಬಂದು, 'ಅಣ್ಣಾ, ಯಾವ ಚಾನೆಲ್ ಇದು?' ಎಂದು ಕೇಳಿಯೇ ಬಿಡುತ್ತಾನೆ. ಇದರಲ್ಲಿ ನನ್ನ ಸಹಾನುಭೂತಿ ಅರ್ಧ ವರದಿಗಾರರಿಗೆ, ಅರ್ಧ ಕೈ ಬೀಸಿದವನಿಗೆ. ಅವನ ಊರಿನ ಅಣೆಕಟ್ಟು ತುಂಬಿದ ಸುದ್ದಿಯಲ್ಲಿ ಅವನಿಗೂ ಒಂದು ಪಾಲು ಬೇಡವೇ?

ಇನ್ನೊಂದು ಫಜೀತಿ ಎಲ್ಲರೂ ಕಂಡದ್ದು. ಸ್ಟುಡಿಯೋದವರು ಪ್ರಶ್ನೆ ಕೇಳುತ್ತಾರೆ, ಅತ್ತ ಮಳೆಯಲ್ಲಿ ನೆನೆಯುತ್ತ ನಿಂತ ವರದಿಗಾರರು ಕಲ್ಲಿನ ಮೂರ್ತಿಯ ಹಾಗೆ ನಮ್ಮನ್ನೇ ನೋಡುತ್ತಿರುತ್ತಾರೆ. ಕೇಳಿಸಲಿಲ್ಲವೇನೋ ಎಂದು ಸ್ಟುಡಿಯೋದವರು ಮತ್ತೆ ಬಾಯಿ ತೆರೆಯುವುದಕ್ಕೂ ಅವರು ಉತ್ತರ ಶುರುಮಾಡುವುದಕ್ಕೂ ಸರಿಹೋಗುತ್ತದೆ. ಇಬ್ಬರೂ ನಿಲ್ಲಿಸುತ್ತಾರೆ. ಇಬ್ಬರೂ ಮತ್ತೆ ಶುರುಮಾಡುತ್ತಾರೆ. ಇದು ಯಾರ ತಪ್ಪೂ ಅಲ್ಲ, ಬೆಳಕಿನ ವೇಗದ ತಪ್ಪು. ಉಪಗ್ರಹ ಇರುವುದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಮಾತು ಮೇಲೆ ಹೋಗಿ ಕೆಳಗೆ ಬರಲು 72,000 ಕಿಲೋಮೀಟರ್. ಬೆಳಕು ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡಿದರೂ ಕಾಲು ಸೆಕೆಂಡು ಹಿಡಿಯುತ್ತದೆ. ಪ್ರಶ್ನೆಯೂ ಉತ್ತರವೂ ಉಪಗ್ರಹದ ಮೂಲಕವೇ ಹೋಗಿ ಬಂದರೆ ಅರ್ಧ ಸೆಕೆಂಡು. ಅದರ ಮೇಲೆ ಚಿತ್ರವನ್ನು ಅಂಕಿಗಳಾಗಿ ಕುಗ್ಗಿಸಿ ಹಿಗ್ಗಿಸುವ ಯಂತ್ರಗಳ ಪಾಲು. ಈಗ ಓಬಿ ವ್ಯಾನಿನ ಬದಲು ನಾಲ್ಕಾರು ಸಿಮ್ ಕಾರ್ಡು ತುಂಬಿದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹೊರಡುತ್ತಾರೆ. ಮಲೆನಾಡಿನ ಘಟ್ಟದಲ್ಲಿ ಸಿಗ್ನಲ್ ಹೋಯಿತೋ, ವರದಿಗಾರರ ಮುಖ ಚೌಕ ಚೌಕವಾಗಿ, ಬಾಯಿ ತೆರೆದಂತೆಯೇ ಹೆಪ್ಪುಗಟ್ಟುತ್ತದೆ. ಪರದೆ ಖಾಲಿ ಇರಬಾರದಲ್ಲ, ಆ ತೆರೆದ ಬಾಯನ್ನೇ ತೋರಿಸುತ್ತಿರುತ್ತಾರೆ.

ಫೋನಿನಲ್ಲಿ ಮಾತಾಡುವ ವೀಕ್ಷಕರಿಗೆ 'ದಯವಿಟ್ಟು ನಿಮ್ಮ ಟೀವಿ ವಾಲ್ಯೂಮ್ ಕಡಿಮೆ ಮಾಡಿ' ಎಂದು ಬೇಡಿಕೊಳ್ಳುವುದೂ ಇದೇ ಕಾರಣಕ್ಕೆ. ಆಡಿದ ಮಾತು ಸುತ್ತಿ ಬಳಸಿ ಅವರ ಮನೆಯ ಟೀವಿಗೆ ತಡವಾಗಿ ಬರುತ್ತದೆ. ಅವರು ತಮ್ಮದೇ ದನಿ ಕೇಳುತ್ತ ಅದು ಮುಗಿಯಲಿ ಎಂದು ಕಾಯುತ್ತಾರೆ, ಅದು ಇವರು ಮಾತಾಡಲಿ ಎಂದು ಕಾಯುತ್ತದೆ. ನಮ್ಮ ಆಕಾಶವಾಣಿಯ ಫೋನ್ ಇನ್ ಕಾರ್ಯಕ್ರಮ ನಡೆಸುವವರೂ 'ನಿಮ್ಮ ರೇಡಿಯೋ ಸೌಂಡ್ ಕಡಿಮೆ ಮಾಡಿ' ಎಂದು ಹೇಳಿ ಹೇಳಿ ಸುಸ್ತಾಗಿದ್ದಾರೆ. ತನ್ನ ದನಿ ರೇಡಿಯೋದಲ್ಲಿ ಬರುವ ಒಂದೇ ಒಂದು ದಿನ ಯಾರು ಸೌಂಡ್ ಕಡಿಮೆ ಮಾಡುತ್ತಾರೆ, ನೀವೇ ಹೇಳಿ.

ಈ ತಡ ಎಂಬುದು ಜಗತ್ತಿನ ಅತಿ ಪ್ರಸಿದ್ಧ ಎಡವಟ್ಟಿನಲ್ಲೂ ಪಾತ್ರ ವಹಿಸಿದೆ. 2017ರ ಮಾರ್ಚ್ 10ರಂದು ದಕ್ಷಿಣ ಕೊರಿಯಾದ ಅಧ್ಯಕ್ಷೆ ಪಾರ್ಕ್ ಗುನ್ ಹೇ ಅವರನ್ನು ಅಲ್ಲಿನ ಸಂವಿಧಾನ ನ್ಯಾಯಾಲಯ ಪದಚ್ಯುತಗೊಳಿಸಿತು. ಬುಸಾನ್ ನಗರದ ಪ್ರಾಧ್ಯಾಪಕ ರಾಬರ್ಟ್ ಕೆಲ್ಲಿ ಮನೆಯ ಓದುಕೋಣೆಯಿಂದಲೇ ಬಿಬಿಸಿಗೆ ವಿಶ್ಲೇಷಣೆ ಕೊಡುತ್ತಿದ್ದರು. ಕೋಟು, ಟೈ, ಹಿಂದೆ ಭೂಪಟ, ಎಲ್ಲವೂ ಗಂಭೀರ. ಒಂದನ್ನು ಮರೆತಿದ್ದರು, ಬಾಗಿಲ ಚಿಲಕ. ಹಳದಿ ಅಂಗಿಯ ಪುಟ್ಟ ಮಗಳು ಎರಡೂ ಕೈ ಬೀಸುತ್ತ, ಪಾಳೇಗಾರನ ಗತ್ತಿನಲ್ಲಿ ಒಳಗೆ ಬಂದಳು. ಅಪ್ಪ ತಿರುಗಿ ನೋಡದೆ, ಕಣ್ಣು ಕ್ಯಾಮೆರಾದ ಮೇಲೇ ಇಟ್ಟು, ಒಂದು ಕೈಯಿಂದ ಮಗಳನ್ನು ಹಿಂದಕ್ಕೆ ಸರಿಸಲು ನೋಡಿದರು. ಅಷ್ಟರಲ್ಲಿ ಚಕ್ರದ ನಡಿಗೆ ಗಾಡಿಯಲ್ಲಿ ಕೂಸು ಗಡಗಡ ಉರುಳಿಕೊಂಡು ಬಂತು. ಮುಂದೆ ತಾಯಿಯ ಪ್ರವೇಶ. ಜಾರುತ್ತ ಬಂದರು, ಎರಡೂ ಮಕ್ಕಳನ್ನು ದರದರ ಎಳೆದುಕೊಂಡು ಹೋದರು, ಕೊನೆಗೆ ಮೊಣಕಾಲೂರಿ ಕೈ ಚಾಚಿ ಬಾಗಿಲು ಎಳೆದುಕೊಂಡರು. ಬುದ್ಧಿವಂತಿಕೆಯಿಂದ ತಲೆ ತಗ್ಗಿಸಿದ್ದರು, ತಾನು ಕಾಣಬಾರದೆಂದು.

ಆಕೆ ಯಾಕೆ ತಡವಾಗಿ ಬಂದರು? ಹಜಾರದಲ್ಲಿ ಕುಳಿತು ಗಂಡ ಟೀವಿಯಲ್ಲಿ ಬರುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಿದ್ದರು. ಟೀವಿಯಲ್ಲಿ ಚಿತ್ರ ಕೆಲವು ಸೆಕೆಂಡು ಹಿಂದೆ. ಮಗಳು ಪರದೆಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ನಿಜವಾದ ಮಗಳು ಅಪ್ಪನ ಕುರ್ಚಿಯ ಪಕ್ಕ ತಲುಪಿ ಆಗಿತ್ತು. ಈ ತುಣುಕನ್ನು ನೋಡಿ ಜಗತ್ತು ನಕ್ಕಿತು. ಅಪ್ಪ ಎದ್ದು ನಿಲ್ಲಲಿಲ್ಲವಲ್ಲ, ಕೆಳಗೆ ಪ್ಯಾಂಟ್ ಇರಲಿಲ್ಲವೇನೋ ಎಂದೂ ಕುಹಕವಾಡಿತು. ಜೀನ್ಸ್ ಹಾಕಿದ್ದೆ ಎಂದು ಪ್ರಾಧ್ಯಾಪಕರು ಸ್ಪಷ್ಟನೆ ಕೊಡಬೇಕಾಯಿತು. ಆದರೆ ಅದೇ ನಗುವಿನ ನಡುವೆ ಎಷ್ಟೋ ಜನ ಆ ತಾಯಿಯನ್ನು ಮನೆಯ ಆಯಾ ಎಂದುಕೊಂಡರು. ಬಿಳಿಯ ಪ್ರಾಧ್ಯಾಪಕ, ಏಷ್ಯಾದ ಹೆಣ್ಣು, ಇನ್ನೇನು ಎಂಬ ಲೆಕ್ಕ. ನನ್ನ ಮಟ್ಟಿಗೆ ಆ ದಿನದ ನಿಜವಾದ ಎಡವಟ್ಟು ಅದು, ನೋಡುವವರದು. ಮೂರು ವರ್ಷ ಕಳೆಯುವ ಹೊತ್ತಿಗೆ ಕೊರೊನಾ ಬಂದು ಎಲ್ಲರ ಮನೆಯನ್ನೂ ಸ್ಟುಡಿಯೋ ಮಾಡಿತು. ಕುಕ್ಕರಿನ ಸೀಟಿಯೂ ನಾಯಿಯ ಬೊಗಳಾಟವೂ ಆಗ ಎಲ್ಲ ಚರ್ಚೆಗಳಲ್ಲೂ ಭಾಗವಹಿಸಿದವು. ಕೆಲವು ಚರ್ಚೆಗಳಲ್ಲಿ ಅವು ಆಡಿದ್ದೇ ಸ್ಪಷ್ಟವಾಗಿತ್ತು.

ನಾಯಿ ಎಂದ ಕೂಡಲೇ ನೆನಪಾಯಿತು. ಅದೇ 2017ರಲ್ಲಿ ಮಾಸ್ಕೋದ ಮಿರ್ 24 ವಾಹಿನಿಯಲ್ಲಿ ನಿರೂಪಕಿ ಕಟ್ಟಡ ಕೆಡಹುವ ಸುದ್ದಿ ಓದುತ್ತಿದ್ದಾಗ ಮೇಜಿನ ಕೆಳಗೆ ಯಾರೋ ಬೊಗಳಿದರು. ನೋಡಿದರೆ ಒಂದು ಕರಿಯ ನಾಯಿ. ಮುಂಗಾಲನ್ನು ಮೇಜಿನ ಮೇಲಿಟ್ಟು ತಾನೂ ಕಾಗದ ನೋಡಲು ಎದ್ದಿತು. ಆಕೆ ಬೆಚ್ಚಿದರು, ಆಮೇಲೆ ತಲೆ ಸವರಿದರು.

ಎಲ್ಲ ಎಡವಟ್ಟೂ ನಗುವಂಥದ್ದಲ್ಲ. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾ ಸಂಸ್ಥೆಯ ವಿಮಾನ ಇಳಿಯುವಾಗ ಅಪ್ಪಳಿಸಿ ಮೂವರು ಸತ್ತರು. ಆರು ದಿನದ ಮೇಲೆ ಅಲ್ಲಿನ ಕೆಟಿವಿಯು ವಾಹಿನಿ ಪೈಲಟ್‌ಗಳ ಹೆಸರು ಎಂದು ನಾಲ್ಕು ಹೆಸರು ಓದಿತು. ಯಾರೋ ಕಿಡಿಗೇಡಿ ಕಟ್ಟಿದ ಹೆಸರುಗಳು. ಬಾಯಿಬಿಟ್ಟು ಓದಿದರೆ ಏಷ್ಯಾದವರನ್ನು ಅಣಕಿಸುವ ಇಂಗ್ಲಿಷ್ ಕುಚೋದ್ಯ. ಅಪಘಾತ ತನಿಖೆ ಮಾಡುವ ಸರ್ಕಾರಿ ಸಂಸ್ಥೆಗೆ ಫೋನ್ ಮಾಡಿ ಕೇಳಿದ್ದರು, ಅಲ್ಲಿ ಬೇಸಿಗೆ ತರಬೇತಿಗೆ ಬಂದ ವಿದ್ಯಾರ್ಥಿಯೊಬ್ಬರು ಹೌದೆಂದುಬಿಟ್ಟರು. ವಾಹಿನಿ ಕ್ಷಮೆ ಕೇಳುವಾಗ ಒಪ್ಪಿಕೊಂಡ ಒಂದು ಸಂಗತಿ ನನಗೆ ಬಹಳ ಮುಖ್ಯವೆನಿಸುತ್ತದೆ. ಪ್ರಸಾರಕ್ಕೆ ಮೊದಲು ಯಾರೂ ಆ ಹೆಸರುಗಳನ್ನು ಗಟ್ಟಿಯಾಗಿ ಓದಿ ನೋಡಿರಲಿಲ್ಲ. ಅಷ್ಟೂ ಪುರುಸೊತ್ತಿರಲಿಲ್ಲ.

ನಮ್ಮಲ್ಲೂ ಇದರ ಸಣ್ಣ ರೂಪ ನಡೆಯಿತು. 2014ರ ಸೆಪ್ಟೆಂಬರಿನಲ್ಲಿ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಭಾರತಕ್ಕೆ ಬಂದರು. ಅವರ ಹೆಸರಿನ ಮೊದಲ ಭಾಗವನ್ನು ಇಂಗ್ಲಿಷಿನಲ್ಲಿ ಬರೆದರೆ ರೋಮನ್ ಹನ್ನೊಂದರಂತೆ ಕಾಣುತ್ತದೆ. ದೂರದರ್ಶನದ ತಡರಾತ್ರಿಯ ಇಂಗ್ಲಿಷ್ ವಾರ್ತೆಯಲ್ಲಿ ಅದು 'ಇಲೆವೆನ್ ಜಿನ್‌ಪಿಂಗ್' ಆಯಿತು. ಮರುದಿನ ದೇಶವೆಲ್ಲ ನಕ್ಕಿತು. ಓದಿದವರನ್ನು ಕೈಬಿಡಲಾಯಿತು ಎಂದು ಪತ್ರಿಕೆಗಳು ಬರೆದವು. ಅವರು ಖಾಯಂ ನೌಕರರೂ ಅಲ್ಲ, ಕರೆದಾಗ ಬಂದು ಓದಿ ಹೋಗುವವರು. ತಡರಾತ್ರಿ, ಓಡುವ ಅಕ್ಷರ. ಉಚ್ಚಾರಣೆಗೆ ಅನುಕೂಲವಾಗುವಂತೆ ಹೆಸರನ್ನು ಬಿಡಿಸಿ ಬರೆದುಕೊಡುವುದು ಬರೆಯುವವರ ಮೇಜಿನ ಕೆಲಸ. ತಪ್ಪು ಆ ಮೇಜಿನಿಂದಲೇ ಹೊರಟರೂ ಜನಕ್ಕೆ ಕಾಣುವುದು ಓದುವ ಮುಖ, ಶಿಕ್ಷೆಯೂ ಅದಕ್ಕೇ. ಈ ನ್ಯಾಯ ನನಗೆ ಒಪ್ಪಿಗೆಯಿಲ್ಲ.

ಮುಖ ಹೊತ್ತವರು ಅದನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂಬುದಕ್ಕೆ ಉಕ್ರೇನಿನ ವಾರ್ತಾವಾಚಕಿ ಮರಿಚ್ಕಾ ಪದಾಲ್ಕೊ ಅವರನ್ನು ನೋಡಬೇಕು. 2020ರ ಜುಲೈ. ವಾಕ್ಯದ ನಡುವೆ ಅವರ ಮುಂದಿನ ಹಲ್ಲೊಂದು ಕಳಚಿ ಬಂತು. ಬಾಯಿಗೆ ಕೈ ಹಾಗೆ ಹೋಯಿತು, ಹಲ್ಲು ಮುಷ್ಟಿಯೊಳಗೆ ಬಿತ್ತು, ಕೈ ಕೆಳಗಿಳಿಯಿತು, ವಾಕ್ಯ ಮುಗಿಯಿತು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುವಷ್ಟು ಸಲೀಸು. ಅದು ಹತ್ತು ವರ್ಷದ ಹಿಂದೆ ಪುಟ್ಟ ಮಗಳು ಲೋಹದ ಅಲಾರಂ ಗಡಿಯಾರ ಬೀಸಿ ಆಡುವಾಗ ಪೆಟ್ಟು ತಿಂದ ಹಲ್ಲಂತೆ. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ, ವೀಕ್ಷಕರ ಕಣ್ಣು ಬಲು ಚುರುಕು ಎಂಬರ್ಥದಲ್ಲಿ ಅವರು ಆಮೇಲೆ ಬರೆದುಕೊಂಡರು.

ರೇಡಿಯೋದಲ್ಲಿ ಹಲ್ಲು ಬಿದ್ದರೆ ಕಾಣುವುದಿಲ್ಲ. ಆದರೆ ನಗು ಬಂದರೆ ಅಡಗಿಸಲು ಜಾಗವೂ ಇಲ್ಲ. 2008ರ ಮಾರ್ಚ್ 28ರ ಬೆಳಗ್ಗೆ ಬಿಬಿಸಿ ರೇಡಿಯೋ 4ರಲ್ಲಿ ಷಾರ್ಲೆಟ್ ಗ್ರೀನ್ ವಾರ್ತೆ ಓದುತ್ತಿದ್ದರು. ಗಾಂಭೀರ್ಯಕ್ಕೆ ಹೆಸರಾದ ದನಿ. 1860ರಲ್ಲಿ ಪ್ಯಾರಿಸ್ಸಿನ ಸ್ಕಾಟ್ ಎಂಬಾತ ಮಸಿ ಹಿಡಿದ ಕಾಗದದ ಮೇಲೆ ಗೀರಿ ಹಿಡಿದಿಟ್ಟ ಹಾಡಿನ ದನಿಯನ್ನು ವಿಜ್ಞಾನಿಗಳು ಮತ್ತೆ ನುಡಿಸಿದ್ದರು, ಮನುಷ್ಯ ಕಂಠದ ಗುರುತಿಸಬಹುದಾದ ಅತಿ ಹಳೆಯ ಮುದ್ರಣ. ಅದರ ತುಣುಕನ್ನು ಕೇಳಿಸಿದರು. ಕೀಚಲು ದನಿಯಲ್ಲಿ ಗುಂಯ್ ಗುಂಯ್ ಎಂದಿತು. ಬಾಟಲಿಯೊಳಗೆ ಸಿಕ್ಕಿಕೊಂಡ ಜೇನುನೊಣದಂತಿದೆ ಎಂದು ಯಾರೋ ಸಹೋದ್ಯೋಗಿ ಗ್ರೀನ್ ಅವರ ಕಿವಿಯಲ್ಲಿ ಉಸುರಿದರು. ಮುಂದಿನ ಸುದ್ದಿ, ಆಸ್ಕರ್ ಪಡೆದ ಚಿತ್ರಸಾಹಿತಿ ಆಬಿ ಮ್ಯಾನ್ ನಿಧನ. ಮೊದಲ ಪದಕ್ಕೆ ದನಿ ನಡುಗಿತು. ಎರಡನೆಯದಕ್ಕೆ ಕಟ್ಟೆ ಒಡೆಯಿತು. ಸಾವಿನ ಸುದ್ದಿಯನ್ನು ಆಕೆ ಕಿಸಕಿಸ ನಗುತ್ತ, ಉಸಿರು ಸಿಕ್ಕಿಕೊಳ್ಳುತ್ತ, ಅಳುವಂತೆ ನಗುತ್ತ ಓದಿದರು. ಸುಮ್ಮನಾಗಿ ಸಾವರಿಸಿಕೊಳ್ಳೋಣವೆಂದರೆ ರೇಡಿಯೋದಲ್ಲಿ ಮೌನವೂ ಒಂದು ಎಡವಟ್ಟು.

ಮರುವರ್ಷ ಆ ಸಂಶೋಧಕರು ತಾವೇ ಒಂದು ತಿದ್ದುಪಡಿ ಹೊರಡಿಸಿದರು. ಹಳೆಯ ಗೀರುಗಳನ್ನು ಇರಬೇಕಾದ್ದಕ್ಕಿಂತ ಎರಡರಷ್ಟು ವೇಗದಲ್ಲಿ ನುಡಿಸಿಬಿಟ್ಟಿದ್ದೆವು. ಅದು ನಾವು ಅಂದುಕೊಂಡಂತೆ ಹುಡುಗಿಯ ದನಿಯಲ್ಲ, ನಿಧಾನವಾಗಿ ಹಾಡಿದ ಗಂಡಸಿನದು, ಬಹುಶಃ ಸ್ಕಾಟ್‌ನದೇ ಎಂದರು. ಜೇನುನೊಣ ಎಂದವರ ಕಿವಿ ವಿಜ್ಞಾನಿಗಳ ಕಿವಿಗಿಂತ ಒಂದು ವರ್ಷ ಮುಂದಿತ್ತು.